ಓಲ್ಡ್ ಟ್ರಾಫರ್ಡ್ ಚರ್ಚೆ: ಎಲ್ಲರಲ್ಲೂ ಒಂದು ವಿನಂತಿ

ಗೆಳೆಯರೇ, ನಮಸ್ಕಾರ. ನಿನ್ನೆ ರಾತ್ರಿಯಿಂದ ಮ್ಯಾಂಚೆಸ್ಟರ್ ಯುನೈಟೆಡ್‌ನವರು ತಮ್ಮ ಫುಟ್‌ಬಾಲ್ ಮೈದಾನ ಓಲ್ಡ್ ಟ್ರಾಫರ್ಡ್ ಬಿಟ್ಟು ಹೊಸದು ಕಟ್ಟುವ ವಿಚಾರಕ್ಕೆ ಗುಂಪು ಕಾದ ಬಾಣಲೆಯಾಗಿದೆ. ನಾವು ಲಿವರ್‌ಪೂಲ್ ಕಡೆಯವರು, ಯುನೈಟೆಡ್‌ನವರ ಕಾಲೆಳೆಯೋದು ಸಹಜ. 2024ರ ಮೇ ತಿಂಗಳಲ್ಲಿ ಆರ್ಸೆನಲ್ ಪಂದ್ಯದ ದಿನ ಚಾವಣಿಯ ಮೂಲೆಯಿಂದ ಮಳೆನೀರು ಜೋಗದ ಹಾಗೆ ಸೀಟುಗಳ ಮೇಲೆ ಸುರಿದ ವಿಡಿಯೋ ಎಷ್ಟು ಸಲ ಬೇಕಾದರೂ ಹಾಕಿ. ಆದರೆ ಮ್ಯೂನಿಕ್ ವಿಮಾನ ದುರಂತದ ಮೇಲೆ ತಮಾಷೆ ಬೇಡವೇ ಬೇಡ. ಅಂಥ ಎರಡು ಸ್ಟಿಕ್ಕರ್ ಅಳಿಸಿದ್ದೇನೆ. 1958ರಲ್ಲಿ ಅಲ್ಲಿ ಯುನೈಟೆಡ್ ತಂಡವಿದ್ದ ವಿಮಾನ ಅಪಘಾತಕ್ಕೀಡಾಗಿ 23 ಜನ ತೀರಿಕೊಂಡರು. ಹಿಲ್ಸ್‌ಬರೊ ಕ್ರೀಡಾಂಗಣದ ಕಾಲ್ತುಳಿತದಲ್ಲಿ ನಮ್ಮ 97 ಅಭಿಮಾನಿಗಳನ್ನು ಕಳೆದುಕೊಂಡವರು ನಾವು, ಆ ನೋವು ನಮಗೆ ಗೊತ್ತಿರಬೇಕು. ಮ್ಯೂನಿಕ್‌ನಲ್ಲಿ ಬದುಕುಳಿದ ಯುನೈಟೆಡ್ ಮ್ಯಾನೇಜರ್ ಮ್ಯಾಟ್ ಬಸ್ಬಿ ಎರಡನೇ ಮಹಾಯುದ್ಧಕ್ಕೆ ಮುಂಚೆ ನಮ್ಮ ಕೆಂಪಂಗಿ ತೊಟ್ಟು ಆಡಿದವರು.

ಇನ್ನು ಅಸಲು ವಿಷಯ. 2025ರ ಮಾರ್ಚ್‌ನಲ್ಲಿ ಯುನೈಟೆಡ್‌ನವರು ಘೋಷಿಸಿದ್ದು ದುರಸ್ತಿಯಲ್ಲ, ಪಕ್ಕದಲ್ಲೇ ಒಂದು ಲಕ್ಷ ಆಸನಗಳ ಹೊಸ ಕ್ರೀಡಾಂಗಣ. ಅಂದಾಜು ಖರ್ಚು 200 ಕೋಟಿ ಪೌಂಡ್. "ನಮ್ಮ ಆನ್‌ಫೀಲ್ಡ್ ಥರ ಹಳೇದನ್ನೇ ಎತ್ತರಿಸಬಹುದಿತ್ತಲ್ಲ" ಅಂತ ಹಲವರು ಕೇಳಿದ್ದೀರಿ. ನಾವು ನಮ್ಮ ಮೈದಾನ ಆನ್‌ಫೀಲ್ಡ್‌ನಲ್ಲಿ 2016ರಲ್ಲಿ ಮೇನ್ ಸ್ಟ್ಯಾಂಡ್ (ಪ್ರೇಕ್ಷಕರ ಗ್ಯಾಲರಿ), ಆಮೇಲೆ ಆನ್‌ಫೀಲ್ಡ್ ರೋಡ್ ಸ್ಟ್ಯಾಂಡ್ ಬೆಳೆಸಿ 61 ಸಾವಿರ ಆಸನ ಮುಟ್ಟಿದೆವು, ನಿಜ. ಅವರ ದಕ್ಷಿಣದ ಸ್ಟ್ಯಾಂಡ್ ಬೆನ್ನಿಗೇ ರೈಲು ಹಳಿ ಇದೆ, ತೊಡಕು ಅಲ್ಲೇ. ಆದರೂ 1910ರ ಮೈದಾನ ಬಿಟ್ಟು ಹೋಗೋದು ನನಗೆ ಸರಿ ಕಾಣಲ್ಲ.

2005ರಿಂದ ಸಾಲ ಹೊತ್ತ ಕ್ಲಬ್ಬು ಇಷ್ಟು ದುಡ್ಡು ಎಲ್ಲಿಂದ ತರುತ್ತೆ, ಟಿಕೆಟ್ ದರ ಎಷ್ಟು ಏರುತ್ತೆ, ಇದನ್ನು ಚರ್ಚಿಸೋಣ. ರಾತ್ರಿ ಹನ್ನೊಂದರ ಮೇಲೆ ವಾಯ್ಸ್ ಮೆಸೇಜ್ ಬೇಡ, ದಯವಿಟ್ಟು.