ಹೇಳದೇ ಕೇಳದೇ ಓಡೋ ಅಪ್‌ಡೇಟ್‌ಗಳು

ಮಾನ್ಯ ಸಂಪಾದಕರೇ,

ನಮ್ಮನೆ ಕಂಪ್ಯೂಟರ್ ಆನ್ ಮಾಡಿ ಹತ್ತು ನಿಮಿಷ ಸುಮ್ನೆ ಕೂತ್ಕೋಬೇಕು, ಮಗಳು ಆನ್‌ಲೈನ್ ಕ್ಲಾಸಿಗೆ ಅಂತ ತೆಗೆದ್ರೆ ಒಳಗಿನ ಫ್ಯಾನ್ ಜೋರಾಗಿ ತಿರುಗ್ತಿರುತ್ತೆ, ಮೊಬೈಲ್ ಹಾಟ್‌ಸ್ಪಾಟಿನ ಡೇಟಾ ಮಧ್ಯಾಹ್ನಕ್ಕೇ ಖಾಲಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಯಾವ್ಯಾವ ಪ್ರೋಗ್ರಾಮ್ ಓಡ್ತಿದೆ ಅಂತ ತೋರಿಸೋ ಟಾಸ್ಕ್ ಮ್ಯಾನೇಜರ್ ನೋಡಿದ್ರೆ, ನಾಲ್ಕು ವರ್ಷದ ಹಿಂದೆ ಗುಜರಿಗೆ ಹಾಕಿದ ಪ್ರಿಂಟರಿನ ಅಪ್‌ಡೇಟರ್, ಅಂದ್ರೆ ತಾನಾಗೇ ಅಪ್‌ಡೇಟ್ ಹುಡುಕೋ ಪ್ರೋಗ್ರಾಮ್, ಇನ್ನೂ ಓಡ್ತಾ ಇದೆ! ಉಳಿದವುಗಳ ಹೆಸರು ಬರೀ ಹೆಲ್ಪರ್, ಸರ್ವಿಸ್, ಹೋಸ್ಟ್ ಅಂತ, ಯಾರದ್ದು ಯಾಕೆ ಅಂತ ಒಂದಕ್ಷರ ಇಲ್ಲ.

ಹಾಗಂತ ಎಲ್ಲಾ ಅಪ್‌ಡೇಟೂ ಆಫ್ ಮಾಡ್ಬಿಡಿ ಅಂತ ಕೆಲವ್ರು ಹೇಳ್ತಾರಲ್ಲ, ಅದು ದೊಡ್ಡ ತಪ್ಪು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್ ಹರಡಿದಾಗ ಅದು ನುಗ್ಗಿದ ದಾರಿ ಮುಚ್ಚೋ ವಿಂಡೋಸ್ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕ್ಕೊಳ್ಳದ ಕಂಪ್ಯೂಟರ್‌ಗಳೇ ಹೆಚ್ಚಾಗಿ ಸಿಕ್ಕಿಬಿದ್ದಿದ್ದು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಆದ್ವು. ಸೆಕ್ಯೂರಿಟಿ ಅಪ್‌ಡೇಟ್ ಬೇಕೇ ಬೇಕು. ಹಾಟ್‌ಸ್ಪಾಟ್ ಬಳಸೋರು ಸೆಟ್ಟಿಂಗ್ಸ್‌ನಲ್ಲಿ ಆ ನೆಟ್‌ವರ್ಕನ್ನ ಮೀಟರ್ಡ್ (ಡೇಟಾಗೆ ಮಿತಿ ಇರೋದು) ಅಂತ ಗುರುತು ಮಾಡಿದ್ರೆ ದೊಡ್ಡ ಡೌನ್‌ಲೋಡ್‌ಗಳು ಸಾಮಾನ್ಯವಾಗಿ ನಿಲ್ತವೆ, ಬೇಡದ ಅಪ್‌ಡೇಟರ್‌ಗಳನ್ನ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ (ಆನ್ ಮಾಡಿದ ಕೂಡ್ಲೇ ತಾವಾಗೇ ಶುರುವಾಗೋ ಪ್ರೋಗ್ರಾಮ್‌ಗಳ ಪಟ್ಟಿ) ಡಿಸೇಬಲ್ ಮಾಡ್ಬಹುದು. ಆದ್ರೆ ಇದನ್ನೆಲ್ಲ ನಮ್ಮಮ್ಮನಂಥೋರು ಹುಡುಕ್ತಾ ಕೂರೋಕಾಗುತ್ತಾ? ಸಾಫ್ಟ್‌ವೇರ್ ಮಾಡೋರು ಇದು ಯಾರ ಪ್ರೋಗ್ರಾಮ್, ಏನ್ ಮಾಡ್ತಿದೆ, ಎಷ್ಟು ಡೇಟಾ ತಗೊಳ್ಳುತ್ತೆ ಅನ್ನೋದನ್ನ ಕನ್ನಡದಲ್ಲೇ ತೋರಿಸಲಿ, ಬೇಡ ಅನ್ನೋ ಬಟನ್ನೂ ಅಲ್ಲೇ ಪಕ್ಕದಲ್ಲಿ ಇರಲಿ. ದುಡ್ಡು ಕೊಟ್ಟು ತಂದಿರೋ ಕಂಪ್ಯೂಟರ್ ನಮ್ದು ಸ್ವಾಮಿ, ಕರೆಂಟೂ ಡೇಟಾನೂ ನಮ್ದೇ.

ಇಂತಿ,
ಒಬ್ಬ ಓದುಗ, ತುಮಕೂರು