ಹೋಗದ ಫ್ಯಾಕ್ಸ್ ಎಲ್ಲಿ ನಿಂತಿದೆ ಅಂತ ಸಾಫ್ಟ್‌ವೇರ್ ಹೇಳಲಿ

ಸಂಪಾದಕರಿಗೆ ನಮಸ್ಕಾರ,

ಫ್ಯಾಕ್ಸ್ ಅಂದ್ರೆ ಈಗಿನ ಹುಡುಗ್ರು ನಗ್ತಾರೆ, ನಗ್ಲಿ ಬಿಡಿ. ಪತ್ರಿಕೆಗಳಿಗೆ ತಾಲ್ಲೂಕು ವರದಿಗಾರರು ಎಸ್‌ಟಿಡಿ ಬೂತಿಂದ ಸುದ್ದಿ ಫ್ಯಾಕ್ಸ್ ಮಾಡ್ತಿದ್ದ ಕಾಲ ನಿಮಗೆ ನೆನಪಿರುತ್ತೆ. ಬೆಂಗಳೂರಲ್ಲಿ ಕೂತು ಅಮೆರಿಕದ ಕ್ಲಿನಿಕ್‌ಗಳ ಬಿಲ್ಲಿಂಗು, ರೆಕಾರ್ಡು ಅಂತ ಕೆಲಸ ಮಾಡೋ ನಮ್ಮಂಥವರಿಗೆ ಇವತ್ತಿಗೂ ಫ್ಯಾಕ್ಸ್ ಇಲ್ದೆ ದಿನ ಮುಗಿಯಲ್ಲ, ಅಲ್ಲಿನ ಆಸ್ಪತ್ರೆಗಳು ಅದನ್ನ ಬಿಟ್ಟಿಲ್ಲ. ನನ್ನ ತಕರಾರು ಏನಿದ್ರೂ ಕಂಪ್ಯೂಟರಿಂದ ಫ್ಯಾಕ್ಸ್ ಕಳಿಸೋ ಸಾಫ್ಟ್‌ವೇರ್‌ಗಳ ಮೇಲೆ, ಅದ್ರಲ್ಲೂ ಹೋಗದೇ ಉಳಿದಿದ್ದನ್ನ ಅವು ನೋಡ್ಕೊಳ್ಳೋ ರೀತಿ ಮೇಲೆ.

2018ರ ನವೆಂಬರ್ 21 ಯಾರಿಗಾದ್ರೂ ನೆನಪಿದ್ಯಾ? ಸರ್ಕಾರ ಮಾಡ್ತೀವಿ ಅಂತ ಮೆಹಬೂಬಾ ಮುಫ್ತಿ ಜಮ್ಮು-ಕಾಶ್ಮೀರದ ರಾಜ್ಯಪಾಲರಿಗೆ ಪತ್ರ ಫ್ಯಾಕ್ಸ್ ಮಾಡೋಕೆ ಹೋದ್ರು, ರಾಜಭವನದ ಮಷಿನ್ ತಗೊಳ್ತಿಲ್ಲ ಅಂತ ಪತ್ರನ ಟ್ವಿಟರ್‌ಗೇ ಹಾಕಿದ್ರು, ಅವತ್ತೇ ರಾತ್ರಿ ವಿಧಾನಸಭೆ ವಿಸರ್ಜನೆ ಆಯ್ತು, ಈದ್ ರಜೆ ಇತ್ತು, ಯಾರೂ ಇರ್ಲಿಲ್ಲ ಅಂತ ರಾಜ್ಯಪಾಲ ಸತ್ಯಪಾಲ್ ಮಲಿಕ್ ಆಮೇಲೆ ಹೇಳಿದ್ರು. ರಾಜಕೀಯ ಪಕ್ಕಕ್ಕಿಡಿ. ಹೋಗ್ಲಿಲ್ಲ ಅನ್ನೋದಾದ್ರೂ ಮುಫ್ತಿಯವ್ರಿಗೆ ಆಗಿಂದಾಗ್ಲೇ ಗೊತ್ತಾಯ್ತಲ್ಲ, ನಮಗೆ ಅಷ್ಟೂ ಗೊತ್ತಾಗಲ್ಲ. ಪ್ರಿಂಟ್ ಕೊಡೋ ಜಾಗದಲ್ಲೇ ಪ್ರಿಂಟರ್ ಬದ್ಲು ಫ್ಯಾಕ್ಸ್ ಅಂತ ಆರಿಸಿ, ನಂಬರ್ ಹಾಕಿ ಕಳಿಸು ಒತ್ತಿದ್ರೆ ವಿಂಡೋ ಮುಚ್ಚಿಹೋಗುತ್ತೆ, ಎಲ್ಲರೂ ಹೋಯ್ತು ಅಂದ್ಕೊಂಡು ಟೀ ಕುಡಿಯೋಕೆ ಹೋಗ್ತಾರೆ. ಅದು ಔಟ್‌ಬಾಕ್ಸಲ್ಲಿ ಮೂಲೆ ಹಿಡಿದು ಕೂತಿರುತ್ತೆ.

ಇದಕ್ಕೆ ತಲೆ ಓಡಿಸಿದವ್ರು ಇಲ್ಲ ಅಂತಲ್ಲ. ಲಿನಕ್ಸ್ ಸರ್ವರ್‌ಗಳಲ್ಲಿ ಓಡೋ ಹೈಲಾಫ್ಯಾಕ್ಸ್ ಅಂತ ಹಳೇ ಸಾಫ್ಟ್‌ವೇರ್ ಇದೆ. ಅದು ಡಯಲ್ ಮಾಡಿದ್ದನ್ನ ಬೇರೆ, ಲೈನ್ ಸಿಕ್ಕಿ ಕಳಿಸೋಕೆ ನೋಡಿದ್ದನ್ನ ಬೇರೆ ಅಂತ ಲೆಕ್ಕ ಇಡುತ್ತೆ, ನಾವೇನೂ ಬದಲಾಯಿಸದಿದ್ರೆ 12 ಸಲ ಡಯಲ್, 3 ಸಲ ಪ್ರಯತ್ನ. ಇದು ಬುದ್ಧಿವಂತಿಕೆ ಕೆಲಸ, ಯಾಕಂದ್ರೆ ಎಂಗೇಜ್ ಇದ್ರೆ ಎರಡು ನಿಮಿಷ ಬಿಟ್ಟು ಮತ್ತೆ ಮಾಡಿದ್ರಾಯ್ತು, ಆದ್ರೆ ಆ ಕಡೆ ಮಷಿನ್ ಬದ್ಲು ಯಾರೋ ವಯಸ್ಸಾದವ್ರು ಹಲೋ ಹಲೋ ಅಂತಿದ್ರೆ ಅದು ರಾಂಗ್ ನಂಬರ್, ಅದಕ್ಕೆ ಹತ್ತು ಸಲ ಡಯಲ್ ಮಾಡಿ ಅವರ ನಿದ್ದೆ ಕೆಡಿಸೋದ್ರಲ್ಲಿ ಏನರ್ಥ? ಎಷ್ಟೋ ಸಾಫ್ಟ್‌ವೇರ್‌ಗಳು ಎರಡನ್ನೂ ಫೇಲ್ಡ್ ಅಂತ ಒಂದೇ ಕೆಂಪು ಗುರುತು ಹಾಕಿ ಕೈತೊಳ್ಕೊಳ್ತವೆ.

ಹಾಗಂತ ಹೈಲಾಫ್ಯಾಕ್ಸೂ ಸಾಚಾ ಅಲ್ಲ. ನಾವು ಬೇರೆ ಹೇಳದಿದ್ರೆ ಅದು 3 ಗಂಟೆ ಹೊತ್ತು ನೋಡಿ ಜಾಬ್‌ನ, ಅಂದ್ರೆ ಕಾಯ್ತಿರೋ ಫ್ಯಾಕ್ಸನ್ನ, ಕೈಬಿಡುತ್ತೆ. ನಾವು ಮಧ್ಯಾಹ್ನ 2ಕ್ಕೆ ಕ್ಯೂಗೆ ಹಾಕಿದ್ರೆ ನ್ಯೂಯಾರ್ಕಲ್ಲಿ ಬೇಸಿಗೆ ಟೈಮ್ ಪ್ರಕಾರ ಬೆಳಗಿನ ಜಾವ 4.30, ಮಷಿನ್ ಆಫ್ ಮಾಡಿ ಮನೆಗೆ ಹೋಗಿರೋ ಸಣ್ಣ ಕ್ಲಿನಿಕ್ ಆದ್ರೆ ಬಾಗಿಲು ತೆಗೆಯೋದು ಎಂಟಕ್ಕೋ ಒಂಬತ್ತಕ್ಕೋ, ನಮ್ಮ ಜಾಬ್ 7.30ಕ್ಕೇ ಸತ್ತಿರುತ್ತೆ! ಗಡುವನ್ನ ತಗೊಳ್ಳೋರ ಗಡಿಯಾರ ನೋಡಿ ಇಡ್ಬೇಕು, ಕಳಿಸೋರ ಗಡಿಯಾರ ನೋಡಿ ಅಲ್ಲ.

ಎಲ್ಲಕ್ಕಿಂತ ತಲೆನೋವು ಅಂದ್ರೆ ಹೋಯ್ತೋ ಇಲ್ವೋ ಗೊತ್ತಾಗದೇ ಇರೋದು. ಫ್ಯಾಕ್ಸ್ ಮಷಿನ್‌ಗಳು ಒಂದಕ್ಕೊಂದು ಮಾತಾಡ್ಕೊಳ್ಳೋಕೆ 1980ರಲ್ಲಿ ಬಂದ ಗ್ರೂಪ್ 3 ಅನ್ನೋ ಪದ್ಧತಿಯಲ್ಲಿ ಪ್ರತಿ ಪುಟ ಆದ್ಮೇಲೆ ಆ ಕಡೆ ಮಷಿನ್ ಬಂತು ಅಂತ ಒಂದು ಸಂಕೇತ ವಾಪಸ್ ಕಳಿಸುತ್ತೆ. ಕೊನೇ ಪುಟನೂ ಅಲ್ಲಿ ಪ್ರಿಂಟ್ ಆಗಿರುತ್ತೆ, ಅಷ್ಟರಲ್ಲಿ ಆ ಸಂಕೇತ ನಮಗೆ ತಲುಪೋ ಮುಂಚೆ ಲೈನ್ ಕಟ್. ಅವ್ರ ಟ್ರೇನಲ್ಲಿ ಕಾಗದ ಬಿದ್ದಿದೆ, ನಮ್ಮ ಸ್ಕ್ರೀನಲ್ಲಿ ಫೇಲ್ಡ್. ಯುಪಿಐನಲ್ಲಿ ದುಡ್ಡು ಕಟ್ ಆಗಿ ಪೆಂಡಿಂಗ್ ಅಂತ ತೋರಿಸ್ತಿರೋವಾಗ ಅಂಗಡಿಯವನ ಮುಖ ನೋಡ್ಕೊಂಡು ನಿಂತ ಹಾಗೆ ನಮ್ಮ ಪರಿಸ್ಥಿತಿ. ಸಾಫ್ಟ್‌ವೇರ್ ಸುಮ್ನೆ ಮತ್ತೆ ಕಳಿಸಿದ್ರೆ ಒಂದೇ ಔಷಧಿ ಚೀಟಿ ಎರಡು ಸಲ ಹೋಗುತ್ತೆ, ಕಳಿಸದಿದ್ರೆ ಹೋಗದೇನೂ ಇರಬಹುದು. ಇಲ್ಲಿ ಗೊತ್ತಿಲ್ಲ, ಫೋನ್ ಮಾಡಿ ಕೇಳಿ ಅಂತ ಸ್ಕ್ರೀನ್ ಮೇಲೆ ಹೇಳೋಕೆ ಏನು ನಾಚಿಕೆ? ಏಳು ಪುಟದಲ್ಲಿ ನಾಲ್ಕು ಹೋಗಿ ನಿಂತಿದ್ರೂ ಇದೇ ಕಥೆ, ಐದನೇ ಪುಟದಿಂದ ಶುರು ಮಾಡಿದ್ರೆ ಟೈಮ್ ಉಳಿಯುತ್ತೆ ನಿಜ, ಆದ್ರೆ ಹೆಸರಿಲ್ಲದ ಮೂರು ಹಾಳೆ ಇನ್ನೊಬ್ಬ ಪೇಷಂಟ್ ಕಾಗದದ ಜೊತೆ ಸೇರ್ಕೊಳ್ಳುತ್ತೆ, ಅದಕ್ಕೆ ಇದು ಮುಂದುವರಿದ ಭಾಗ ಅಂತ ಮೇಲೊಂದು ಕವರ್ ಪೇಜ್ ಹೋಗ್ಲೇಬೇಕು.

ಕ್ಯೂ ವಿಷ್ಯನೂ ಅಷ್ಟೇ. ಒಂದು ನಂಬರ್ ಎಂಗೇಜ್ ಆದ್ರೆ ಅದೇ ನಂಬರಿಂದು ಮಿಕ್ಕಿದ್ದೂ ಕಾಯ್ಲಿ, ಬೇರೆ ನಂಬರಿಂದು ಯಾಕೆ ಹಿಂದೆ ಸಾಲು ನಿಲ್ಬೇಕು.

ಇನ್ನು ಕರೆಂಟು. ಶುಕ್ರವಾರ ಸಂಜೆ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಯ್ತು ಅಂದ್ಕೊಳ್ಳಿ. ಸೋಮವಾರ ಆನ್ ಮಾಡಿದ ತಕ್ಷಣ ಯಾರನ್ನೂ ಕೇಳದೆ ಹಳೇದೆಲ್ಲ ಹೊರಟುಬಿಡುತ್ತೆ, ಶನಿವಾರದ ಅಪಾಯಿಂಟ್‌ಮೆಂಟ್ ಕಾಗದ ಸೋಮವಾರ ತಲುಪಿ ಅಲ್ಲಿಂದ ಫೋನ್ ಬರುತ್ತೆ, ಬೈಸ್ಕೊಳ್ಳೋದು ನಾವು. ಹೊತ್ತು ಮೀರಿದ ಜಾಬ್‌ಗಳನ್ನ ತಡೆದು, ಇಷ್ಟು ಉಳಿದಿವೆ, ಕಳಿಸ್ಲಾ ಬೇಡ್ವಾ ಅಂತ ಒಂದು ಮಾತು ಕೇಳಲಿ. ಬೇಡ ಅಂದ್ರೆ ಫೈಲನ್ನೂ ಅಳಿಸಲಿ, ರೋಗಿಯ ರಿಪೋರ್ಟು ಯಾವುದೋ ಫೋಲ್ಡರಲ್ಲಿ ವರ್ಷಗಟ್ಲೆ ಬಿದ್ದಿರೋದು ಸರಿಯಲ್ಲ.

ಬೆಂಗಳೂರಲ್ಲಿ ಇಂಥ ಸಾಫ್ಟ್‌ವೇರ್ ಬರೆಯೋರು, ಟೆಸ್ಟ್ ಮಾಡೋರು ನಿಮ್ಮ ಓದುಗರಲ್ಲಿ ಇದ್ದೇ ಇರ್ತಾರೆ, ಅವ್ರಿಗಾಗಿ ಇಷ್ಟುದ್ದ ಬರೆದೆ. ಟೆಸ್ಟ್ ಮಾಡೋವಾಗ ಸರಿಯಾಗಿ ಹೋಗೋ ಫ್ಯಾಕ್ಸ್ ಒಂದು ಸಾಕು ಸ್ವಾಮಿ, ಮಧ್ಯದಲ್ಲಿ ಫೋನ್ ವೈರ್ ಕಿತ್ತು ನೋಡಿ, ಕೊನೇ ಪುಟ ಮುಗಿಯೋ ಹೊತ್ತಿಗೂ ಒಂದ್ಸಲ ಕೀಳಿ. ಬಳಸೋರು ಅಲ್ಲೀತನಕ ಸಂಜೆ ಮನೆಗೆ ಹೊರಡೋ ಮುಂಚೆ ಸೆಂಟ್ ಫೋಲ್ಡರ್ ಬಿಟ್ಟು ಔಟ್‌ಬಾಕ್ಸ್ ಒಂದ್ಸಲ ತೆಗೆದು ನೋಡ್ಕೊಳ್ಳಿ.

ಇಂತಿ,
ಒಬ್ಬ ಓದುಗ, ಬೆಂಗಳೂರು