ಮೊಸಳೆಯ ಬಾಯಲ್ಲಿ ನೀರುನಾಯಿ ಮರಿ

ಶಿರಸಿ
ಶ್ರಾವಣದ ಮಳೆ ದಿನ

ಪ್ರೀತಿಯ ತಂಗಿ,

ನಿನ್ನ ಅನಿಮೇಶನ್ ಸಿನಿಮಾದ ಚಿತ್ರಕಥೆ ಕೈಸೇರಿ ಹದಿನೈದು ದಿನವಾಯಿತು. ಮೊದಲ ಸಲ ರಾತ್ರಿ ಕೂತು ಒಂದೇ ಉಸಿರಿಗೆ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ. ಅಂಚಿನಲ್ಲಿ ಗೀಚಿದ್ದೆಲ್ಲ ಪ್ರತಿಯ ಜೊತೆಗೇ ನಿನಗೆ ಬರುತ್ತದೆ. ಆದರೆ ಅಂಚಿನಲ್ಲಿ ಹಿಡಿಸದ ಮಾತೊಂದು ಉಳಿದಿದೆ, ಅದಕ್ಕೇ ಈ ಪತ್ರ.

ಮೊದಲು ಖುಷಿ ಹೇಳಿಬಿಡುತ್ತೇನೆ. ಕಾಳಿ ನದಿಯ ಮೊಸಳೆರಾಣಿ, ಅವಳ ಹುಟ್ಟುವೈರಿಯಾದ ನೀರುನಾಯಿ ಕುಲ, ಇಬ್ಬರೂ ಒಟ್ಟಾಗಲೇಬೇಕಾದ ಒಂದು ಮಳೆಗಾಲ: ಇಂಥದ್ದೊಂದು ಕಥೆ ನಮ್ಮ ಕಾರವಾರದ ಹುಡುಗಿಯ ತಲೆಯಲ್ಲಿ ಹುಟ್ಟಿತಲ್ಲ, ಅದೇ ನನಗೆ ಹಬ್ಬ. ಮೊದಲ ಇಪ್ಪತ್ತು ಪುಟಗಳಲ್ಲಿ ಒಂದಕ್ಷರ ಅಲುಗಿಸಬೇಡ. ಮರಳ ದಿಬ್ಬದ ಮೇಲೆ ಬಾಯಿ ತೆರೆದು ಮಲಗಿದ ರಾಣಿ, ದೂರದಲ್ಲಿ ಸಿಳ್ಳೆ ಹಾಕುತ್ತ ಮೀನು ಅಟ್ಟುವ ನೀರುನಾಯಿ ಸಂಸಾರ, ನಡುವೆ ಇಬ್ಬರೂ ದಾಟದ ಆ ನೀರಿನ ಪಟ್ಟಿ. ಒಂದೂ ಮಾತಿಲ್ಲದೆ ವೈರ ಏನೆಂದು ಗೊತ್ತಾಗುತ್ತದೆ. ನೀರುನಾಯಿಗಳು ಗುಂಪುಕಟ್ಟಿ ಮೊಸಳೆಯನ್ನು ಕಾಡಿ ಓಡಿಸುವುದನ್ನೂ ಬಿಡದೆ ತಂದಿದ್ದೀಯ. ದಾಂಡೇಲಿಗೆ ಹೋಗಿ ಹೊಳೆದಂಡೆಯಲ್ಲಿ ಕೂತು ನೋಡಿದ್ದೀಯ ಎಂಬುದು ಓದುವಾಗಲೇ ತಿಳಿಯುತ್ತದೆ.

ಮೂವತ್ತೆಂಟನೇ ಪುಟದಲ್ಲಿ ನೆರೆ ಬರುತ್ತದೆ. ನಲವತ್ತೊಂದನೇ ಪುಟದಲ್ಲಿ ಒಂದು ಹಾಡು. ಹಾಡು ಮುಗಿಯುವ ಹೊತ್ತಿಗೆ ರಾಣಿಯೂ ನೀರುನಾಯಿಗಳ ಮುಖಂಡನೂ ಗೆಳೆಯರು. ಹಾಡು ಚೆನ್ನಾಗಿದೆ, ನಾನೂ ಗುನುಗಿಕೊಂಡೆ. ಅದನ್ನು ತೆಗೆದುಬಿಡು.

ಯಾಕೆಂದು ಹೇಳಲು ನನ್ನ ಊರಿನದೊಂದು ಸಂಗತಿ ಹೇಳಬೇಕು. ನಾನು ಬೆಳೆದದ್ದು ಕುಮಟಾ ಕಡೆ, ಅಘನಾಶಿನಿಯ ಅಳಿವೆಗೆ ಹತ್ತಿರ. ನಮ್ಮದು ಗಜನಿ ಗದ್ದೆಗಳ ಊರು. ಉಬ್ಬರದ ಉಪ್ಪುನೀರು ತಾಗುವ ಆ ಗದ್ದೆಗಳಿಗೆ ಕಗ್ಗ ಭತ್ತವೇ ಸೈ, ಬೇರೆ ಭತ್ತ ತಾಳುವುದಿಲ್ಲ. ಹೊಳೆಗೂ ಗದ್ದೆಗೂ ನಡುವೆ ಉದ್ದಕ್ಕೆ ಮಣ್ಣಿನ ಕಟ್ಟು. ಅದು ಒಂದು ಕಡೆ ಒಡೆದರೂ ಸಾಕು, ಒಳಗಿನ ಗದ್ದೆಯೆಲ್ಲ ಹೊಳೆಯ ಪಾಲು. ನಮ್ಮ ಮನೆಗೂ ಆಚೆಮನೆಗೂ ಅಜ್ಜನ ಕಾಲದಿಂದ ಮಾತಿರಲಿಲ್ಲ. ಬೇಲಿಯ ತಕರಾರು ಕೋರ್ಟು ಹತ್ತಿತ್ತು. ಮದುವೆಗೆ ಕರೆಯುತ್ತಿರಲಿಲ್ಲ, ಸಾವಿಗೆ ಹೋಗುತ್ತಿರಲಿಲ್ಲ. ಒಂದು ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ, ಸುರಿಯುವ ಮಳೆಯಲ್ಲಿ, ಅವರ ಗದ್ದೆಯೂ ನಮ್ಮ ಗದ್ದೆಯೂ ಕೂಡುವಲ್ಲೇ ಕಟ್ಟು ಬಾಯಿಬಿಟ್ಟಿತು. ನಾನು ಲಾಟೀನು ಹಿಡಿದು ನಿಂತಿದ್ದೆ, ಹತ್ತು ವರ್ಷದವಳು. ಅಪ್ಪನೂ ಆಚೆಮನೆಯ ಯಜಮಾನನೂ ಎದೆಮಟ್ಟದ ನೀರಿಗಿಳಿದು ಗೂಟ ಹೊಡೆದು, ಹುಲ್ಲಿನ ಕಂತೆ ತುರುಕಿ, ಮಣ್ಣು ಮೆತ್ತಿ, ಬೆಳಗಿನ ಇಳಿತ ಬರುವವರೆಗೂ ಆ ಬಾಯಿ ಮುಚ್ಚಿದರು. ಅಷ್ಟು ಹೊತ್ತೂ ಅವರ ನಡುವೆ ನಡೆದ ಮಾತು ಮೂರೇ: ಹಿಡಿ, ಬಿಡು, ಇತ್ಲಾಗೆ ಕೊಡು. ಹೆಸರು ಹಿಡಿದು ಕರೆಯಲಿಲ್ಲ. ಅಮ್ಮ ಗಂಜಿ ತಂದಳು, ಅಪ್ಪ ಉಂಡ. ಅವರು ನಮ್ಮ ಗಂಜಿ ಮುಟ್ಟದೆ, ತಮ್ಮ ಬಾವಿಗೆ ಹೋಗಿ ಕಾಲು ತೊಳೆದುಕೊಂಡರು. ಕೋರ್ಟಿನ ವ್ಯಾಜ್ಯ ಆಮೇಲೂ ಮೂರು ವರ್ಷ ನಡೆಯಿತು.

ಹಾಗಾದರೆ ಏನೂ ಬದಲಾಗಲಿಲ್ಲವೇ? ಒಂದು ಬದಲಾಯಿತು. ಅಲ್ಲಿಯವರೆಗೆ ಅಪ್ಪ ಆ ಮನುಷ್ಯನನ್ನು ‘ಅದು’ ಎನ್ನುತ್ತಿದ್ದ. ‘ಅದು ಪೇಟೆಗೆ ಹೋಯ್ತು’, ‘ಅದರ ಮುಖ ನೋಡಬೇಡ’. ಆ ಸಂಜೆ ಚಾವಡಿಯಲ್ಲಿ ಕೂತು ಅಮ್ಮನಿಗೆ ಹೇಳಿದ: ‘ಅವನ ಅಂಗೈಗೆ ಗೂಟ ಚುಚ್ಚಿತ್ತು. ತೋರಿಸಲೇ ಇಲ್ಲ.’ ಅವನ! ಅಮ್ಮ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ ತಿರುಗಿ ನೋಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ತಂಗೀ, ನಿನ್ನ ಕಥೆಗೆ ಬೇಕಾದದ್ದು ಇಷ್ಟೇ ಸಣ್ಣದು. ಮೂರು ತಲೆಮಾರಿನ ವೈರ ಒಂದು ಹಾಡಿನಲ್ಲಿ ಗೆಳೆತನವಾದರೆ ಆ ವೈರವೇ ಸುಳ್ಳಾಗುತ್ತದೆ, ಅದರ ಜೊತೆ ನಿನ್ನ ಮೊದಲ ಇಪ್ಪತ್ತು ಪುಟವೂ. ವೈರಿಗಳನ್ನು ಒಟ್ಟಿಗೆ ತರುವುದು ಪ್ರೀತಿಯಲ್ಲ, ನಿರ್ವಾಹವಿಲ್ಲದಿರುವುದು. ಒಟ್ಟಾದ ಮೇಲೂ ಅವರು ಬಹುಪಾಲು ವೈರಿಗಳೇ. ಆ ‘ಬಹುಪಾಲು’ ಬಿಟ್ಟು ಉಳಿದದ್ದನ್ನು ಹುಡುಕುವುದು ನಿನ್ನ ಕೆಲಸ. ಕನ್ನಡದಲ್ಲಿ ಬರೆಯುವವಳಿಗೆ ಇದಕ್ಕೊಂದು ಅನುಕೂಲವೂ ಇದೆ. ನೀರುನಾಯಿ ಮರಿ ಮೊಸಳೆಯನ್ನು ಎಷ್ಟು ಹೊತ್ತು ‘ಅದು’ ಅನ್ನುತ್ತದೆ, ಯಾವ ಗಳಿಗೆಯಲ್ಲಿ ಬಾಯಿತಪ್ಪಿ ‘ಅವಳು’ ಅನ್ನುತ್ತದೆ? ಸದ್ಯ ನಿನ್ನ ಪ್ರತಿಯಲ್ಲಿ ಮರಿಯ ಮೊದಲ ಮಾತಿನಿಂದಲೇ ‘ಅವಳು’. ಅಷ್ಟು ದೊಡ್ಡ ಗಂಟನ್ನು ಬಿಚ್ಚದೆಯೇ ಬಿಟ್ಟಿದ್ದೀಯ.

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮ ಧರ್ಮರಾಯನಿಗೆ ಹೇಳುವ ಬೆಕ್ಕು-ಇಲಿಯ ಕಥೆ ಓದಿದ್ದೀಯಾ? ಇಲ್ಲವಾದರೆ ಈ ವಾರವೇ ಓದು, ನಿನ್ನ ಚಿತ್ರದ ಅಡಿಪಾಯ ಅಲ್ಲಿದೆ. ಆಲದ ಮರದ ಬುಡದಲ್ಲಿ ಪಲಿತನೆಂಬ ಇಲಿ, ಮರದ ಮೇಲೆ ಲೋಮಶನೆಂಬ ಬೆಕ್ಕು. ಬೆಕ್ಕು ಬೇಡನ ಬಲೆಗೆ ಬೀಳುತ್ತದೆ. ಇಲಿ ಹಿಗ್ಗಿ ಹೊರಬಂದರೆ ಕೆಳಗೆ ಮುಂಗುಸಿ, ಮೇಲೆ ಗೂಬೆ. ಆಗ ಇಲಿ ತಾನೇ ಬೆಕ್ಕಿನ ಹತ್ತಿರ ಹೋಗಿ ಹೇಳುತ್ತದೆ: ನೀನು ನನಗೆ ನೆರಳು ಕೊಡು, ನಾನು ನಿನ್ನ ಬಲೆ ಕಡಿಯುತ್ತೇನೆ. ಬೆಕ್ಕಿನ ಮೈಗೆ ಒತ್ತಿ ಕೂತ ಇಲಿಯನ್ನು ಕಂಡು ಮುಂಗುಸಿ, ಗೂಬೆ ಎರಡೂ ಹೊರಟುಹೋಗುತ್ತವೆ. ಕಥೆಯ ಜೀವ ಇರುವುದು ಇಲ್ಲಿಂದ ಮುಂದೆ. ಇಲಿ ಬಲೆಯನ್ನು ಬೇಗ ಕಡಿಯುವುದಿಲ್ಲ! ಬೆಕ್ಕು ಅವಸರಪಡಿಸುತ್ತದೆ, ಇಲಿ ನಿಧಾನ ಮಾಡುತ್ತದೆ. ಈಗಲೇ ಬಿಟ್ಟರೆ ತನ್ನನ್ನೇ ತಿಂದೀತು ಎಂದು ಅದಕ್ಕೆ ಗೊತ್ತು. ಕೊನೆಯ ಎಳೆಯನ್ನು ಅದು ಕಡಿಯುವುದು ಬೇಡನು ಕಣ್ಣಿಗೆ ಬಿದ್ದ ಮೇಲೆ, ಬೆಕ್ಕಿಗೆ ಓಡುವುದು ಬಿಟ್ಟು ಬೇರೆ ಪುರುಸೊತ್ತಿಲ್ಲದಾಗ. ಆಮೇಲೆ ಬೆಕ್ಕು ಬಿಲದ ಬಾಯಿಗೆ ಬಂದು ಗೆಳೆತನ ಬೇಡುತ್ತದೆ. ಇಲಿ ನಯವಾಗಿ, ಕಾರಣ ಬಿಡಿಸಿ ಹೇಳಿ, ಒಲ್ಲೆ ಎನ್ನುತ್ತದೆ.

ಆ ಕೊನೆಯ ಎಳೆ ನಿನ್ನ ಕಥೆಯಲ್ಲಿ ಯಾವುದು? ಯಾರು ಯಾರಿಗೆ ಏನನ್ನು ಕೊಡದೆ ಹಿಡಿದಿಟ್ಟುಕೊಂಡಿದ್ದಾರೆ? ಇದಕ್ಕೆ ಉತ್ತರ ಸಿಕ್ಕಿದರೆ ನಲವತ್ತರಿಂದ ಎಂಬತ್ತನೇ ಪುಟದವರೆಗಿನ ಸಪ್ಪೆತನ ತಾನಾಗಿ ಹೋಗುತ್ತದೆ.

ಸಮುದ್ರಮಥನವನ್ನೂ ಹೊಸ ಕಣ್ಣಿನಿಂದ ನೋಡು. ಭಾಗವತದಲ್ಲಿ ದೇವತೆಗಳಿಗೆ ವೈರಿಗಳ ಜೊತೆ ಸಂಧಿ ಮಾಡಿಕೊಳ್ಳಿ ಎನ್ನುವವನು ವಿಷ್ಣುವೇ, ಹಾವು-ಇಲಿಯ ಉದಾಹರಣೆ ಕೊಟ್ಟು. ಅಲ್ಲಿ ಹೊರಗಿನ ಶತ್ರುವಿಲ್ಲ, ಇಬ್ಬರಿಗೂ ಒಂದೇ ಆಸೆ. ಹಗ್ಗ ಎಳೆಯುವ ಮೊದಲೇ ಜಗಳ: ಬಾಲ ಹಿಡಿಯುವುದು ಅಮಂಗಳ, ನಾವೇನು ಕಡಿಮೆಯವರೇ ಎಂದು ಅಸುರರು ಹಟ ಹಿಡಿದು ವಾಸುಕಿಯ ತಲೆಯ ಕಡೆ ಹೋಗುತ್ತಾರೆ. ವಿಷದ ಉರಿ ಅವರ ಮುಖಕ್ಕೇ ಹೊಡೆಯುತ್ತದೆ. ಒಟ್ಟಿಗೆ ದುಡಿಯುವಾಗಲೂ ಯಾರು ಯಾವ ತುದಿ ಹಿಡಿಯಬೇಕೆಂಬ ಜಗಳ ನಿಲ್ಲುವುದಿಲ್ಲ ನೋಡು. ನಿನ್ನ ನೀರುನಾಯಿಗಳೂ ಮೊಸಳೆಗಳೂ ಒಪ್ಪಂದವಾದ ಕೂಡಲೇ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡಲು ಶುರುಮಾಡುತ್ತಾರೆ. ಅಷ್ಟು ಮರ್ಯಾದೆ ಬೇಡ.

ಇನ್ನು ಕಪ್ಪು ಮಾಂತ್ರಿಕ. ಕೋಪ ಮಾಡಿಕೊಳ್ಳಬೇಡ, ಅವನು ನಿನ್ನ ಕಥೆಯವನಲ್ಲ, ಎಲ್ಲಿಂದಲೋ ಬಂದು ಕೂತವನು. ಅವನು ಕೆಟ್ಟವನಾದ್ದರಿಂದ ಉಳಿದ ಇಬ್ಬರೂ ಒಳ್ಳೆಯವರಾಗಿಬಿಡುತ್ತಾರೆ, ಅವನು ಸತ್ತ ಕೂಡಲೇ ಕಥೆಯೂ ಸಾಯುತ್ತದೆ. ಅವನ ಜಾಗದಲ್ಲಿ ನೀರನ್ನು ಇಡು. ಮೊಸಳೆ ಬೇಸಿಗೆಯಲ್ಲಿ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ನೀರುನಾಯಿಯ ಮರಿಗಳೂ ದಂಡೆಯ ಬಿಲದಲ್ಲೇ. ಮಳೆ ಮೊದಲೇ ಬಂದು ಹೊಳೆ ಏರಿದರೆ ಎರಡಕ್ಕೂ ಉಳಿಯುವುದು ಒಂದೇ ಎತ್ತರದ ದಿಬ್ಬ. ಮಾಯಾಲೋಕದ ಕಥೆಯಾದ್ದರಿಂದ ನೀರಿಗೆ ಬಾಯಿ ಬರಲಿ, ಹೊಳೆಯೇ ಮಾತಾಡಲಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ದ್ವೇಷ ಬೇಡ, ತೂಕ ಸಾಕು.

ಒಂದು ತಪ್ಪು ಮಾತ್ರ ಕಾರವಾರದವಳು ಮಾಡಬಾರದಿತ್ತು. ರಾಣಿ ದಾಂಡೇಲಿಯಲ್ಲಿ ಮುಳುಗಿ ಸದಾಶಿವಗಡದ ಬುಡದಲ್ಲಿ ಏಳುತ್ತಾಳೆ. ನಡುವೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಮೂರು ಅಣೆಕಟ್ಟುಗಳಿವೆಯಲ್ಲ! ಕದ್ರಾದ ಗೇಟು ತೆಗೆಯುತ್ತಾರೆಂಬ ಸುದ್ದಿ ಬಂದರೆ ಕೆಳಗಿನ ಊರುಗಳಿಗೆ ನಿದ್ದೆಯಿಲ್ಲ, ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಅಣೆಕಟ್ಟೇ ಇಲ್ಲದ ಪುರಾಣಕಾಲದ ಕಾಳಿ ಎನ್ನುವುದಾದರೆ ಮೊದಲ ಪುಟದಲ್ಲೇ ಅದು ತಿಳಿಯಬೇಕು. ಈಗಿನ ಕಾಳಿ ಎನ್ನುವುದಾದರೆ ಆ ಮೂರು ಗೋಡೆಗಳೇ ನಿನಗೆ ಮೂರು ಸಾಹಸ. ಒಂದನ್ನು ಮೊಸಳೆಯ ಬಲದಿಂದ ದಾಟಲಿ, ಒಂದನ್ನು ನೀರುನಾಯಿಯ ಚುರುಕಿನಿಂದ. ಮೂರನೆಯದನ್ನು ಇಬ್ಬರೂ ತಮ್ಮ ಸ್ವಭಾವ ಬಿಟ್ಟುಕೊಟ್ಟು ದಾಟಬೇಕಾಗಿ ಬರಲಿ.

ರಾಣಿಯ ಮಾತುಗಳನ್ನು ಹೊಸದಾಗಿ ಬರೆಯಬೇಕು. ಅಪ್ಪ ತಾಳಮದ್ದಲೆಯ ಅರ್ಥಧಾರಿಯಾಗಿದ್ದ, ವೇಷವಿಲ್ಲದೆ ಕೂತು ಪಾತ್ರದ ಮಾತನ್ನು ವಾದಮಾಡಿ ಹೇಳುವವನು. ಒಂದು ರಾತ್ರಿ ಕೃಷ್ಣಸಂಧಾನದಲ್ಲಿ ಕೃಷ್ಣನಾದರೆ ಮುಂದಿನ ವಾರ ಇನ್ನೊಂದೂರಿನಲ್ಲಿ ಅದೇ ಪ್ರಸಂಗಕ್ಕೆ ಕೌರವ. ಕೌರವನ ಪಾಳಿ ಬಂದಾಗಲೇ ಅವನ ಓದು ಜಾಸ್ತಿ. ಹುಟ್ಟುಕುರುಡೆಂಬ ಒಂದೇ ಕಾರಣಕ್ಕೆ ಹಿರಿಯನಾದ ನನ್ನ ತಂದೆಗೆ ಪಟ್ಟ ತಪ್ಪಿತಲ್ಲ ಎಂದು ಅವನು ಎತ್ತಿದರೆ, ಕೃಷ್ಣನ ಅರ್ಥ ಹೇಳುವವರು ವೀಳ್ಯ ಬಾಯಿಗಿಡುವುದನ್ನೂ ಮರೆತು ಕೂರುತ್ತಿದ್ದರು. ಶಿರಸಿ-ಸಿದ್ದಾಪುರದ ಯಾವ ಹಳ್ಳಿಯಲ್ಲಾದರೂ ಈ ಮಳೆಗಾಲದಲ್ಲಿ ಒಂದು ಕೂಟಕ್ಕೆ ಹೋಗಿ ಬೆಳಗಾಗುವವರೆಗೆ ಕೇಳು. ನಿನ್ನ ರಾಣಿ ಈಗ ಬರೀ ಗದರಿಸುತ್ತಾಳೆ. ಅವಳ ವಾದ ಏನು? ಈ ದಿಬ್ಬ ಅವಳ ಅಜ್ಜಿಯ ಕಾಲದಿಂದ ಅವಳದು. ನೀರುನಾಯಿಗಳ ಕಾಟಕ್ಕೆ ಅವಳು ಎಷ್ಟು ಸಲ ಗೂಡು ಬಿಟ್ಟಳು, ಆಗ ಎಷ್ಟು ಮೊಟ್ಟೆ ಹೋದವು? ಅವಳು ಎಣಿಸಿಟ್ಟುಕೊಂಡಿದ್ದಾಳೆಯೇ? ನೋಡುವವರು ಒಂದು ಗಳಿಗೆ ಅವಳ ಪಕ್ಷಕ್ಕೆ ಹೋಗಬೇಕು, ಮತ್ತೆ ನೀರುನಾಯಿ ಮಾತಾಡಿದಾಗ ಇತ್ತ ಬರಬೇಕು.

ಈಗ ನನಗೆ ಅತ್ಯಂತ ಹತ್ತಿರವಾದ ದೃಶ್ಯ. ಕೊನೆಯ ನೆರೆಯಲ್ಲಿ ನೀರುನಾಯಿ ಮರಿ ರಾಣಿಯ ಬೆನ್ನೇರಿ ಹೊಳೆ ದಾಟುತ್ತದೆ ಎಂದು ಬರೆದಿದ್ದೀಯ. ಬೆನ್ನು ಬೇಡ, ಬಾಯಿ. ಮೊಟ್ಟೆಯೊಡೆದ ಮರಿಗಳನ್ನು ತಾಯಿಮೊಸಳೆ ತನ್ನ ದವಡೆಯಲ್ಲೇ ಎತ್ತಿ ನೀರಿಗೆ ಒಯ್ಯುತ್ತದೆ, ಇದು ಕಲ್ಪನೆಯಲ್ಲ. ಕೊಲ್ಲುವ ಹಲ್ಲೇ ತೊಟ್ಟಿಲು. ಆ ಬಾಯಿಯನ್ನು ಮೊದಲ ದೃಶ್ಯದಿಂದಲೇ ತೆರೆದು ತೋರಿಸಿದ್ದೀಯ, ನಡುವೆ ಒಂದು ಸಲ ಅದು ಮುಚ್ಚಿಕೊಳ್ಳುವುದನ್ನೂ ತೋರಿಸಿದ್ದೀಯ. ಈಗ ಮರಿ ಅದರೊಳಗೆ ತಾನಾಗಿ ಕಾಲಿಡಬೇಕು. ತಳ್ಳಿದರೆ ಆಗದು. ರಾಣಿಗೂ ಹಸಿವಿರಬೇಕು, ಮೂರು ದಿನದಿಂದ ಏನೂ ತಿಂದಿರಬಾರದು. ದವಡೆ ಮುಚ್ಚುತ್ತದೆ, ಕತ್ತಲೆ, ನೀರಿನ ಸದ್ದು, ಒಳಗಿನಿಂದ ಮರಿಯ ಸಿಳ್ಳೆ. ಅಷ್ಟೇ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು, ಸಂಗೀತವೂ ಬೇಡ ಎಂದು ನನಗನ್ನಿಸುತ್ತದೆ.

ಖರ್ಚಿನ ದೃಷ್ಟಿಯಿಂದಲೂ ಇದು ಲೇಸು. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮು. ತೊಂಬತ್ತು ನಿಮಿಷದ ಚಿತ್ರವೆಂದರೆ 1,29,600. ಎರಡು ಫ್ರೇಮಿಗೊಂದು ಚಿತ್ರದಂತೆ ಬಿಡಿಸಿದರೂ ಅದರ ಅರ್ಧ. ಚಿತ್ರಕಥೆಯ ಒಂದು ಪುಟಕ್ಕೆ ಸುಮಾರು ಒಂದು ನಿಮಿಷವೆಂದು ಹಿಡಿದರೆ ನಿನ್ನ 112 ಪುಟ ಹೇಗೂ ಇಳಿಯಲೇಬೇಕು. ನೀರು, ರೋಮ, ಎರಡು ಮೈಗಳು ಒಂದಕ್ಕೊಂದು ತಾಗುವುದು, ಚಿತ್ರ ಮಾಡುವವರಿಗೆ ಕಷ್ಟದ ಕೆಲಸ ಇವೇ. ನೀನು ಎಪ್ಪತ್ತು ಕಡೆ ಅವರನ್ನು ಅಪ್ಪಿಕೊಳ್ಳುವ ಹಾಗೆ, ತಳ್ಳಾಡುವ ಹಾಗೆ ಬರೆದಿದ್ದೀಯ. ಆ ಬಾಯಿಯ ದೃಶ್ಯದವರೆಗೆ ವೈರಿಗಳು ಒಬ್ಬರನ್ನೊಬ್ಬರು ಮುಟ್ಟಲೇಬಾರದು ಎಂದು ಪಣ ತೊಡು. ಇನ್ನೊಂದು, ಅನಿಮೇಶನ್‌ನಲ್ಲಿ ಸಾಮಾನ್ಯವಾಗಿ ಧ್ವನಿ ಮೊದಲು, ಚಿತ್ರ ಆಮೇಲೆ. ಆದ್ದರಿಂದ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ತಿದ್ದು. ಓದುವಾಗ ನಾಲಿಗೆ ತಡವರಿಸಿದ ಕಡೆ ಪುಸ್ತಕದ ಕನ್ನಡ ನುಸುಳಿದೆ ಎಂದು ತಿಳಿ. ನೀರುನಾಯಿಗಳಿಗೆ ಕೊಂಕಣಿ ಬೆರೆತ ನಿಮ್ಮ ಕಾರವಾರದ ಮಾತನ್ನೇ ಕೊಡು, ನಿನ್ನ ಕಿವಿಯಲ್ಲಿರುವುದು ಅದು.

ಕೊನೆಯ ಪುಟದ ಕುಣಿತವನ್ನು ಬಿಡು. ನೆರೆ ಇಳಿದ ಮೇಲೆ ಮರಳ ದಿಬ್ಬ ಮತ್ತೆ ಕಾಣಲಿ, ರಾಣಿ ಮತ್ತೆ ಬಾಯಿ ತೆರೆದು ಬಿಸಿಲಿಗೆ ಮಲಗಲಿ, ನೀರುನಾಯಿಗಳು ಮತ್ತೆ ಮೀನು ಅಟ್ಟಲಿ. ಮೊದಲ ಪುಟದಲ್ಲಿ ಅವರ ನಡುವಿನ ನೀರು ಹತ್ತು ಮಾರು ಎಂದು ನೀನು ಬರೆದಿದ್ದೀಯ. ಕೊನೆಗೆ ಎಷ್ಟು ಮಾರು ಎಂಬುದನ್ನು ನೀನೇ ಯೋಚಿಸಿ ಬರೆ, ನಾನು ಹೇಳುವುದಿಲ್ಲ.

ಚೌತಿಯ ಗಡಿಬಿಡಿ ಮುಗಿದ ಮೇಲೆ ಒಮ್ಮೆ ಬಾ. ಅಂಕೋಲಾ, ಕುಮಟಾ ಮೇಲಿಂದ ದೇವಿಮನೆ ಘಟ್ಟ ಹತ್ತಿ ಬಂದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೀ. ತಂಬುಳಿ, ಅಪ್ಪೆಹುಳಿ ಮಾಡಿರುತ್ತೇನೆ. ಚಿತ್ರ ಬಿಡಿಸುವ ನಿನ್ನ ಗೆಳತಿಯನ್ನೂ ಕರೆದುಕೊಂಡು ಬಾ, ಆ ಬಾಯಿಯನ್ನು ಒಳಗಿನಿಂದ ಬಿಡಿಸಿ ತರಲು ಹೇಳು. ಮರಿ ಒಳಗೆ ನಿಂತು ಹೊರಗಿನ ಬೆಳಕು ಸಣ್ಣಗಾಗುವುದನ್ನು ನೋಡುತ್ತಿರುವ ಹಾಗೆ.

ನಿನ್ನ
ಅಕ್ಕ